ಬಸಿರಿಗೆ ಮೊದಲೇ ಆಗಬೇಕಾದ ಗ್ಲಾಕೋಮಾದ ಮಾತು

ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿನರ ಹಾಳಾಗುತ್ತ ಹೋಗುವ ಗ್ಲಾಕೋಮಾ ವಯಸ್ಸಾದವರ ಕಾಯಿಲೆ ಎಂಬ ನಂಬಿಕೆ ಎಷ್ಟು ಬಲವಾಗಿದೆಯೆಂದರೆ, ಮಗು ಬೇಕೆಂದು ಪ್ರಸೂತಿ ತಜ್ಞರ ಮುಂದೆ ಕುಳಿತ ಹೆಣ್ಣುಮಗಳು ತಾನು ನಿತ್ಯ ಬಳಸುವ ಔಷಧಿಗಳನ್ನು ಹೇಳುವಾಗ ಆ ಒತ್ತಡ ಇಳಿಸುವ ಕಣ್ಣಿನ ಹನಿಯನ್ನು ಅನೇಕ ವೇಳೆ ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೇಳುವವರಿಗೂ ಅದು ಹೊಳೆಯುವುದಿಲ್ಲ. ಹುಟ್ಟಿನಿಂದಲೇ ಬರುವ ಗ್ಲಾಕೋಮಾ ಉಂಟು, ಹರೆಯದಲ್ಲಿ ತಲೆದೋರುವುದು ಉಂಟು, ಸ್ಟೀರಾಯ್ಡ್ ಔಷಧಿಗಳನ್ನು ಬಹುಕಾಲ ಬಳಸಿದ್ದರಿಂದ ಅಂಟಿಕೊಳ್ಳುವುದೂ ಉಂಟು. ನಾನು ಎರಡನೆಯ ಗುಂಪಿಗೆ ಸೇರಿದವಳು. ನಾವು ಮಗುವಿನ ಯೋಚನೆ ಮಾಡಿದಾಗ ಮೊದಲು ಹೋದದ್ದು ಕಣ್ಣಿನ ವೈದ್ಯರ ಬಳಿಗೆ, ಮತ್ತು ಆ ಸರದಿ ಸರಿಯಾಗಿತ್ತು ಎಂದು ಈಗಲೂ ನಂಬಿದ್ದೇನೆ. ಇದನ್ನೋದಿ ಯಾರೂ ತಾವಾಗಿ ಹನಿ ನಿಲ್ಲಿಸುವುದಾಗಲಿ ಬದಲಿಸುವುದಾಗಲಿ ಬೇಡ. ತಮ್ಮ ವೈದ್ಯರನ್ನು ಏನೇನು ಕೇಳಬೇಕೆಂಬುದು ಸ್ಪಷ್ಟವಾದರೆ ಅಷ್ಟೇ ಸಾಕು.

ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಈ ಹನಿಯಿಂದ ಮಗುವಿಗೆ ತೊಂದರೆಯಾಗುತ್ತದೆಯೇ? ನಾನೂ ಅದನ್ನೇ ಕೇಳಿದೆ. ವೈದ್ಯರು ಅದಕ್ಕೆ ಉತ್ತರಿಸುವ ಮೊದಲು ನನ್ನ ಹಳೆಯ ವರದಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ದೃಷ್ಟಿನರ ಎಷ್ಟು ಉಳಿದಿದೆ, ಹಾನಿ ಯಾವ ವೇಗದಲ್ಲಿ ಸಾಗುತ್ತಿದೆ, ಹನಿಯಿಲ್ಲದೆ ಅದು ಎಷ್ಟು ತಿಂಗಳು ತಾಳೀತು ಎಂಬುದನ್ನು ನೋಡಿದರು. ಗ್ಲಾಕೋಮಾದಲ್ಲಿ ಒಮ್ಮೆ ಹೋದ ನೋಟ ಮರಳಿ ಬರುವುದಿಲ್ಲ. ಆದರೆ ಬಹುಪಾಲು ಜನರಲ್ಲಿ ಅದು ನಿಧಾನವಾಗಿ ಸಾಗುವ ಕಾಯಿಲೆಯೂ ಹೌದು. ಒಂದೇ ಹನಿ ಹಾಕಿಕೊಳ್ಳುವ ಇಬ್ಬರು ಹೆಂಗಸರಿಗೆ ಬೇರೆ ಬೇರೆ ಉತ್ತರ ಸಿಗುವುದು ಈ ಕಾರಣಕ್ಕೆ. ಹಾನಿ ಆರಂಭದ ಹಂತದಲ್ಲಿದ್ದು ವರ್ಷಗಳಿಂದ ಕದಲದೆ ನಿಂತವಳಿಗೆ ಕೆಲವು ತಿಂಗಳು ಹನಿ ನಿಲ್ಲಿಸಿ ಕಟ್ಟುನಿಟ್ಟಾಗಿ ತಪಾಸಣೆ ಮಾಡಿಸಿಕೊಳ್ಳುತ್ತಿರು ಎನ್ನಬಹುದು. ನೋಟದ ಸುತ್ತಂಚೆಲ್ಲ ಕರಗಿ ನಡುವಿನ ದ್ವೀಪವಷ್ಟೇ ಉಳಿದವಳಿಗೆ ಹಾಗೆ ಹೇಳಲಾಗದು. ಔಷಧಿಗಳ ಪಟ್ಟಿಯಿಂದ ಆರಂಭಿಸುವುದಕ್ಕಿಂತ ದೃಷ್ಟಿನರದಿಂದ ಆರಂಭಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಇದಕ್ಕಾಗಿ ಬಸಿರಿಗೆ ಮೊದಲೇ ಒಂದು ಆಧಾರ ದಾಖಲೆ ಬೇಕು. ನೋಟದ ಹರವನ್ನು ಅಳೆಯುವ ಫೀಲ್ಡ್ ಟೆಸ್ಟ್, ದೃಷ್ಟಿನರದ ಎಳೆಗಳ ದಪ್ಪ ತೋರಿಸುವ ಓಸಿಟಿ ಸ್ಕ್ಯಾನ್, ದೃಷ್ಟಿನರದ ಫೋಟೋ, ದ್ರವ ಹೊರಹರಿಯುವ ಕಣ್ಣಿನ ಒಳಕೋನದ ಪರೀಕ್ಷೆ ಹಾಗೂ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ, ದಪ್ಪದ ಅಳತೆ, ಇಷ್ಟನ್ನೂ ಮಾಡಿಸಿಟ್ಟರೆ ಮುಂದೆ ಏನಾದರೂ ಬದಲಾದಾಗ ಹೋಲಿಸಿ ನೋಡಲು ಆಸರೆಯಿರುತ್ತದೆ. ಗರ್ಭಿಣಿಯರಲ್ಲಿ ಕಾರ್ನಿಯಾ ತುಸು ದಪ್ಪವಾಗಬಹುದಾದ್ದರಿಂದ ಒತ್ತಡದ ಅಳತೆಯನ್ನು ಓದುವಾಗ ಮೊದಲಿನ ಅಂಕಿ ಕೈಯಲ್ಲಿರುವುದು ಒಳ್ಳೆಯದು. ಪಾಪೆ ಹಿಗ್ಗಿಸುವ ಹನಿ ಹಾಕಿ ಮಾಡುವ ಪರೀಕ್ಷೆಯನ್ನೂ ಆಗಲೇ ಮುಗಿಸಿಕೊಂಡರೆ ನಂತರ ಅದರ ಅಗತ್ಯ ಕಡಿಮೆ.

ಮೊದಲೇ ಎಂದು ಒತ್ತಿ ಹೇಳಲು ಕಾರಣವಿದೆ. ಭ್ರೂಣದ ಅಂಗಾಂಗಗಳು ಮುಖ್ಯವಾಗಿ ಗರ್ಭ ಕಟ್ಟಿದ ಮೂರನೆಯ ವಾರದಿಂದ ಎಂಟನೆಯ ವಾರದೊಳಗೆ ರೂಪುಗೊಳ್ಳುತ್ತವೆ. ಮುಟ್ಟು ನಿಂತು, ಪರೀಕ್ಷೆ ಮಾಡಿಕೊಂಡು, ವೈದ್ಯರ ಸಮಯ ಗೊತ್ತುಮಾಡಿಕೊಳ್ಳುವ ಹೊತ್ತಿಗೆ ಆ ಅವಧಿಯ ಒಂದು ಪಾಲು ಕಳೆದುಹೋಗಿರುತ್ತದೆ. ಹಾಗೆಂದು ಹನಿ ಬಳಸುತ್ತಿರುವಾಗಲೇ ಅರಿಯದೆ ಬಸಿರಾದವರು ಗಾಬರಿಬಿದ್ದು ಸೀಸೆಯನ್ನು ಕಸದ ಬುಟ್ಟಿಗೆಸೆಯಬೇಕಾಗಿಲ್ಲ. ಆ ವಾರವೇ ವೈದ್ಯರಿಗೆ ತಿಳಿಸಿದರೆ ಆಯಿತು.

ಹನಿ ಕಣ್ಣಿಗಷ್ಟೇ ಸೀಮಿತವಲ್ಲವೇ ಎಂದು ಹಲವರು ಕೇಳುತ್ತಾರೆ. ಸೀಸೆಯಿಂದ ಬೀಳುವ ಒಂದು ಹನಿ ಸುಮಾರು 30ರಿಂದ 50 ಮೈಕ್ರೋಲೀಟರ್ ಇರುತ್ತದೆ, ಕಣ್ಣು ಅಷ್ಟನ್ನೂ ಹಿಡಿದಿಟ್ಟುಕೊಳ್ಳಲಾರದು. ಮಿಕ್ಕದ್ದು ಕೆನ್ನೆಗಿಳಿಯುತ್ತದೆ, ಇಲ್ಲವೇ ಕಣ್ಣೀರಿನ ನಾಳದ ಮೂಲಕ ಮೂಗಿಗಿಳಿದು ಅಲ್ಲಿನ ತೆಳು ಪೊರೆಯಿಂದ ನೇರವಾಗಿ ರಕ್ತ ಸೇರುತ್ತದೆ. ನುಂಗಿದ ಮಾತ್ರೆ ಮೊದಲು ಯಕೃತ್ತನ್ನು ಹಾದುಹೋಗುತ್ತದೆ. ಹನಿಗೆ ಆ ತಡೆಯಿಲ್ಲ. ಇದನ್ನು ಕಡಿಮೆ ಮಾಡುವ ಉಪಾಯ ಬಹಳ ಸರಳವಾದದ್ದು. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೇ ಒಂದು ಹನಿ ಹಾಕಿ, ಕಣ್ಣು ಮುಚ್ಚಿ, ರೆಪ್ಪೆ ಮೂಗಿಗೆ ಸೇರುವ ಮೂಲೆಯಲ್ಲಿ ತೋರುಬೆರಳ ತುದಿಯನ್ನಿಟ್ಟು ಕೆಳಗಿನ ಎಲುಬು ತಾಗುವಂತೆ ಎರಡು ಮೂರು ನಿಮಿಷ ಒತ್ತಿ ಹಿಡಿಯುವುದು. ಆ ಹೊತ್ತಿನಲ್ಲಿ ಕಣ್ಣು ಮಿಟುಕಿಸಬಾರದು, ಏಕೆಂದರೆ ಪ್ರತಿ ಮಿಟುಕಿಗೂ ನಾಳ ಪಂಪಿನಂತೆ ಔಷಧಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ರೆಪ್ಪೆಯ ಮೇಲುಳಿದದ್ದನ್ನು ಒರೆಸಿ, ಎರಡನೆಯ ಔಷಧಿಯಿದ್ದರೆ ಐದು ನಿಮಿಷ ಬಿಟ್ಟು ಹಾಕಬೇಕು. ಡಾರ್ಜೋಲಮೈಡ್‌ನಂಥ ಹನಿ ಹಾಕಿದ ಮೇಲೆ ಗಂಟಲಲ್ಲಿ ಕಹಿ ಕಾಣಿಸಿಕೊಂಡರೆ ಬೆರಳು ಸರಿಯಾದ ಜಾಗದಲ್ಲಿ ಕೂತಿಲ್ಲವೆಂದೇ ತಿಳಿಯಬಹುದು; ನಾನು ಕೈ ಪಳಗಿಸಿಕೊಂಡದ್ದು ಆ ಕಹಿಯನ್ನು ನೋಡಿಕೊಂಡೇ.

ಇನ್ನು ಔಷಧಿಗಳ ವಿಚಾರ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಹಿಂದೆ ಔಷಧಿಗಳಿಗೆ ಎ, ಬಿ, ಸಿ, ಡಿ, ಎಕ್ಸ್ ಎಂದು ಗರ್ಭಕಾಲದ ಶ್ರೇಣಿ ಕೊಡುತ್ತಿತ್ತು; ಎ ಅತಿ ಕಡಿಮೆ ಅಪಾಯದ್ದು, ಎಕ್ಸ್ ಬಳಸಲೇಬಾರದ್ದು. ಬ್ರಿಮೋನಿಡಿನ್‌ಗೆ 'ಬಿ', ಉಳಿದ ಸಾಮಾನ್ಯ ಗ್ಲಾಕೋಮಾ ಹನಿಗಳಿಗೆ 'ಸಿ' ಸಿಕ್ಕಿತ್ತು. 2015ರಿಂದ ಆ ಅಕ್ಷರಗಳನ್ನು ಕೈಬಿಟ್ಟು ವಿವರಣೆ ಬರೆಯುವ ಪದ್ಧತಿ ಬಂದಿದ್ದರೂ ಜನ ಈಗಲೂ ಅಕ್ಷರಗಳನ್ನೇ ಹಿಡಿದುಕೊಂಡು ಚರ್ಚಿಸುತ್ತಾರೆ. ಅಕ್ಷರದಿಂದ ಮೋಸಹೋಗುವುದು ಎಷ್ಟು ಸುಲಭ ಎಂಬುದಕ್ಕೆ ಬ್ರಿಮೋನಿಡಿನ್ ಒಂದೇ ಸಾಕು. ಗರ್ಭದ ಮೊದಲ ಭಾಗದಲ್ಲಿ ಅನೇಕ ವೈದ್ಯರು ಒಪ್ಪುವ ಈ ಹನಿ ಎಳೆಗೂಸಿನ ಮೆದುಳಿಗೆ ಮಂಪರು ಕವಿಸಿ ಉಸಿರಾಟವನ್ನೇ ತಡೆಯಬಲ್ಲದು. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ನಿಷಿದ್ಧ. ಆದ್ದರಿಂದ ಹೆರಿಗೆ ಹತ್ತಿರವಾದಾಗ ಇದನ್ನು ನಿಲ್ಲಿಸುತ್ತಾರೆ, ಹಾಲೂಡಿಸುವಾಗಲೂ ಬಳಸುವುದಿಲ್ಲ.

ಟಿಮೋಲಾಲ್ ಹಳೆಯ ಔಷಧಿ, ಆದ್ದರಿಂದ ಅದರ ಗುಣದೋಷಗಳ ಪರಿಚಯ ವೈದ್ಯರಿಗೆ ಹೆಚ್ಚು. ಅದು ಮಾಸನ್ನು ದಾಟಿ ಹೋಗುತ್ತದೆ, ಭ್ರೂಣದ ಎದೆಬಡಿತವನ್ನು ನಿಧಾನಗೊಳಿಸಬಲ್ಲದು. ಬಳಸಲೇಬೇಕಾದರೆ ಕಡಿಮೆ ಸಾಂದ್ರತೆಯಲ್ಲಿ, ದಿನಕ್ಕೊಮ್ಮೆ, ಬೆರಳೊತ್ತಿ ಬಳಸಿ, ಮಗುವಿನ ಎದೆಬಡಿತ ಮತ್ತು ಬೆಳವಣಿಗೆಯ ಮೇಲೆ ಪ್ರಸೂತಿ ತಜ್ಞರು ಕಣ್ಣಿಟ್ಟಿರುತ್ತಾರೆ. ಆಸ್ತಮಾ ಇರುವ ತಾಯಿಗೆ ಬಸಿರಿರಲಿ ಇಲ್ಲದಿರಲಿ ಇದು ಸಲ್ಲದು. ರಾತ್ರಿ ಹಾಕಿಕೊಳ್ಳುವ ಲಟಾನೋಪ್ರೋಸ್ಟ್, ಟ್ರಾವೋಪ್ರೋಸ್ಟ್, ಬೈಮಾಟೋಪ್ರೋಸ್ಟ್‌ಗಳ ಬಗೆಗಿನ ಆತಂಕ ಬೇರೆ ತೆರನದು. ಇವು ಗರ್ಭಕೋಶವನ್ನು ಸಂಕುಚಿಸುವ ಪ್ರೋಸ್ಟಗ್ಲ್ಯಾಂಡಿನ್‌ಗಳ ಜಾತಿಗೆ ಸೇರಿದವು. ಒಂದು ಹನಿ ಲಟಾನೋಪ್ರೋಸ್ಟ್‌ನಲ್ಲಿರುವ ಔಷಧಿ ಸುಮಾರು 1.5 ಮೈಕ್ರೋಗ್ರಾಮ್ ಮಾತ್ರ. ಅಷ್ಟರಿಂದ ಗರ್ಭಪಾತವಾಗುತ್ತದೆಂದು ಸಾಬೀತಾಗಿಲ್ಲ. ಆದರೂ ಮೊದಲ ಮೂರು ತಿಂಗಳಲ್ಲಿ ಬೇರೆ ದಾರಿಯಿದ್ದಾಗ ಇದನ್ನು ಬದಿಗಿಡುವವರೇ ಹೆಚ್ಚು. ಒತ್ತಡ ಇಳಿಸಲು ನುಂಗುವ ಅಸೆಟಜೋಲಮೈಡ್ ಮಾತ್ರೆಯಿಂದ ಪ್ರಾಣಿಗಳ ಮರಿಗಳಲ್ಲಿ ಕಾಲುಗಳ ದೋಷ ಕಂಡಿರುವುದರಿಂದ ಅದನ್ನು ಆ ಅವಧಿಯಲ್ಲಿ ದೂರವೇ ಇಡುತ್ತಾರೆ. ಅದೇ ವರ್ಗದ ಡಾರ್ಜೋಲಮೈಡ್, ಬ್ರಿಂಜೋಲಮೈಡ್ ಹನಿಗಳ ಪ್ರಮಾಣ ಅಲ್ಪವಾದ್ದರಿಂದ ಅಗತ್ಯ ನೋಡಿ ನಿರ್ಧರಿಸುತ್ತಾರೆ.

ಲೇಸರ್ ಮತ್ತು ಶಸ್ತ್ರಚಿಕಿತ್ಸೆಗಳನ್ನು ಬಸಿರಿಗೆ ಮುನ್ನ ಯೋಚಿಸಬೇಕೆಂಬ ಮಾತನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕಾಗುತ್ತದೆ. ಎಸ್‌ಎಲ್‌ಟಿ ಎಂಬ, ದ್ರವ ಹೊರಹರಿಯುವ ಕೋನಕ್ಕೆ ಮಾಡುವ ಲೇಸರ್ ಚಿಕಿತ್ಸೆ ಕೆಲವರಿಗೆ ಹನಿಯ ಹೊರೆಯನ್ನೇ ಇಳಿಸುತ್ತದೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ 'ಲೈಟ್' ಅಧ್ಯಯನದಲ್ಲಿ, ಈ ಲೇಸರ್‌ನಿಂದಲೇ ಚಿಕಿತ್ಸೆ ಆರಂಭಿಸಿದವರಲ್ಲಿ ಸುಮಾರು ಶೇ. 74 ಮಂದಿಯ ಒತ್ತಡ ಮೂರು ವರ್ಷಗಳ ಬಳಿಕವೂ ಹನಿಯಿಲ್ಲದೆ ಹತೋಟಿಯಲ್ಲಿತ್ತು. ಆದರೆ ಅವರು ಬಹುತೇಕ ಹಿರಿಯ ವಯಸ್ಸಿನವರು. ಎಳೆವಯಸ್ಸಿನ ಗ್ಲಾಕೋಮಾದಲ್ಲಿ ಕೋನದ ರಚನೆಯೇ ಬೇರೆಯಾಗಿರಬಹುದಾದ್ದರಿಂದ ಅದೇ ಫಲವನ್ನು ನಿರೀಕ್ಷಿಸಲಾಗದು. ನನ್ನ ಎಡಗಣ್ಣಿಗೆ ಅದು ಒಗ್ಗಿತು, ಹೆಚ್ಚು ಹಾನಿಯಾದ ಬಲಗಣ್ಣಿಗೆ ಒಗ್ಗಲಿಲ್ಲ. ಅಗತ್ಯಬಿದ್ದರೆ ಬಸಿರಿನಲ್ಲೂ ಕುಳಿತಲ್ಲೇ ಮಾಡಿಸಿಕೊಳ್ಳಬಹುದಾದ ಚಿಕಿತ್ಸೆಯಿದು. ಶಸ್ತ್ರಚಿಕಿತ್ಸೆ ಹಾಗಲ್ಲ. ಕಣ್ಣಿನ ದ್ರವಕ್ಕೆ ಹೊರಹೋಗುವ ಹೊಸ ದಾರಿ ತೆರೆಯುವ ಟ್ರಾಬೆಕ್ಯುಲೆಕ್ಟಮಿ ಮಾಡುವಾಗ ಗಾಯ ಬೇಗ ಕೂಡಿ ದಾರಿ ಮುಚ್ಚದಿರಲೆಂದು ಬಳಸುವ ಮೈಟೊಮೈಸಿನ್ ಭ್ರೂಣಕ್ಕೆ ಹಾನಿಕರ, ಅದನ್ನು ಗರ್ಭಿಣಿಯರಿಗೆ ಬಳಸುವಂತಿಲ್ಲ. ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗಿದರೆ ಗರ್ಭಕೋಶದ ಭಾರಕ್ಕೆ ದೊಡ್ಡ ರಕ್ತನಾಳ ಒತ್ತಿಕೊಳ್ಳುತ್ತದೆ ಎಂಬ ತೊಡಕು ಬೇರೆ. ಆಪರೇಷನ್ ಬೇಕಾದೀತು ಎಂಬ ಶಂಕೆಯಿದ್ದರೆ ಅದನ್ನು ಮುಗಿಸಿ, ಒತ್ತಡ ನೆಲೆಗೊಳ್ಳುವವರೆಗೆ ಮಗುವಿನ ಯೋಚನೆಯನ್ನು ಕೆಲವು ತಿಂಗಳು ಮುಂದೂಡುವುದೇ ಜಾಣತನ.

ಬಸಿರಾದ ಮೇಲೆ ಪ್ರಕೃತಿ ತುಸು ನೆರವಿಗೆ ಬರುತ್ತದೆ. ಹಾರ್ಮೋನುಗಳ ಪ್ರಭಾವದಿಂದ ಕಣ್ಣಿನೊಳಗಿನ ದ್ರವ ಸುಲಭವಾಗಿ ಹೊರಹರಿದು, ಸಾಮಾನ್ಯವಾಗಿ ಎರಡನೆಯ ಅರ್ಧದಲ್ಲಿ ಒತ್ತಡ ಇಳಿಯುತ್ತದೆ. ಆದರೆ ಇದನ್ನೇ ನಂಬಿ ಕೂರುವಂತಿಲ್ಲ. 2006ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಗ್ಲಾಕೋಮಾ ಇದ್ದ 15 ಗರ್ಭಿಣಿಯರ 28 ಕಣ್ಣುಗಳನ್ನು ಗಮನಿಸಿದಾಗ 16 ಕಣ್ಣುಗಳು ಸ್ಥಿರವಾಗಿದ್ದವು, ಉಳಿದವುಗಳಲ್ಲಿ ಹೆಚ್ಚಿನವುಗಳಲ್ಲಿ ಒತ್ತಡ ಏರಿತ್ತು ಅಥವಾ ದೃಷ್ಟಿಕ್ಷೇತ್ರ ಕುಗ್ಗಿತ್ತು. ತಾನು ಯಾವ ಗುಂಪಿಗೆ ಸೇರುತ್ತೇನೆಂದು ಅಳೆಯದೆ ಗೊತ್ತಾಗದು, ಏಕೆಂದರೆ ಒತ್ತಡ ಏರಿದರೂ ನೋವಾಗಲಿ ಕೆಂಪಾಗಲಿ ಕಾಣಿಸಿಕೊಳ್ಳದಿರುವುದೇ ಹೆಚ್ಚು. ನನ್ನ ವಿಷಯದಲ್ಲಿ, ಬಸಿರಿನ ಪ್ರಯತ್ನಕ್ಕೆ ಮುನ್ನವೇ ಲಟಾನೋಪ್ರೋಸ್ಟ್ ನಿಲ್ಲಿಸಿ ಬಲಗಣ್ಣಿಗಷ್ಟೇ ಕಡಿಮೆ ಸಾಂದ್ರತೆಯ ಟಿಮೋಲಾಲ್ ಕೊಟ್ಟರು. ಎಡಗಣ್ಣು ಬರಿದೇ ಇತ್ತು. ಪ್ರತಿ ಭೇಟಿಯ ಅಂಕಿಗಳನ್ನೂ ಹನಿಯ ಹೆಸರನ್ನೂ ಒಂದೇ ಹಾಳೆಯಲ್ಲಿ ಬರೆಸಿಕೊಂಡು ಪ್ರಸೂತಿ ತಜ್ಞರಿಗೆ ಕೊಡುತ್ತಿದ್ದೆ. ಇಬ್ಬರು ವೈದ್ಯರು ಒಬ್ಬರಿಗೊಬ್ಬರು ಮಾತನಾಡಿಕೊಳ್ಳುತ್ತಾರೆ ಎಂದುಕೊಳ್ಳುವುದಕ್ಕಿಂತ ಆ ಹಾಳೆ ನಮ್ಮ ಕೈಯಲ್ಲಿರುವುದು ಮೇಲು.

ಹೆರಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುಕ್ಕುವಾಗ ಕಣ್ಣಿನ ಒತ್ತಡ ಏರುವುದು ನಿಜ, ಆದರೆ ಅದು ಕ್ಷಣಿಕವಾದದ್ದು. ಗ್ಲಾಕೋಮಾ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಆಗಲೇಬೇಕೆಂದಿಲ್ಲ. ಹಾನಿ ತೀರ ಮುಂದುವರಿದಿದ್ದರೆ ಅಥವಾ ಇತ್ತೀಚೆಗೆ ಆಪರೇಷನ್ ಆಗಿದ್ದರೆ ಮೊದಲೇ ಚರ್ಚಿಸಿಟ್ಟುಕೊಳ್ಳಬೇಕು.

ನಿಜವಾಗಿ ಎಚ್ಚರ ತಪ್ಪುವುದು ಬಾಣಂತನದಲ್ಲಿ. ಇಳಿದಿದ್ದ ಒತ್ತಡ ಹೆರಿಗೆಯ ನಂತರ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಹಳೆಯ ಮಟ್ಟಕ್ಕೆ ಮರಳುತ್ತದೆ, ತಾಯಿಗೆ ಆಗ ಹನಿಯ ನೆನಪೂ ಇರುವುದಿಲ್ಲ, ಆಸ್ಪತ್ರೆಗೆ ಹೋಗುವಷ್ಟು ಬಿಡುವೂ ಇರುವುದಿಲ್ಲ. ಕಣ್ಣಿನ ವೈದ್ಯರ ಮುಂದಿನ ಭೇಟಿಯನ್ನು ಹೆರಿಗೆಗೆ ಮೊದಲೇ ಗೊತ್ತುಮಾಡಿಟ್ಟುಕೊಳ್ಳಬೇಕು. ಟಿಮೋಲಾಲ್ ಎದೆಹಾಲಿಗೆ ಸೇರುತ್ತದಾದರೂ ಆರೋಗ್ಯವಂತ ಮಗುವಿಗೆ ಹಾಲೂಡಿಸುವಾಗ ಅದನ್ನು ಎಚ್ಚರದಿಂದ ಬಳಸಲು ವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ. ಹಾಲೂಡಿಸಿ ಮುಗಿದ ಕೂಡಲೇ, ಮಗು ದೀರ್ಘ ನಿದ್ದೆಗೆ ಹೋಗುವ ಮೊದಲು ಹಾಕಿಕೊಂಡರೆ ಮುಂದಿನ ಹಾಲಿಗೆ ಸೇರುವ ಪಾಲು ಇಳಿಯುತ್ತದೆ.

ಮಗುವಿಗೂ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಬಸಿರಿಗೆ ಮುನ್ನವೇ ಕೇಳುವುದು ಒಳ್ಳೆಯದು, ಉತ್ತರ ಗ್ಲಾಕೋಮಾದ ಬಗೆಯನ್ನು ಅವಲಂಬಿಸಿದೆ. ಎಳೆವಯಸ್ಸಿನ ತೆರೆದ ಕೋನದ (ಒಳಕೋನ ಮುಚ್ಚದೆಯೂ ಬರುವ) ಗ್ಲಾಕೋಮಾದ ಕೆಲವು ಕುಟುಂಬಗಳಲ್ಲಿ ಮಯೋಸಿಲಿನ್ ಎಂಬ ಜೀನ್‌ನ ದೋಷವಿದ್ದು, ಅದು ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಜೀನ್ ಬಂದವರಿಗೆಲ್ಲ ಕಾಯಿಲೆ ಬಂದೇ ತೀರುತ್ತದೆಂದೇನೂ ಇಲ್ಲ. ಹುಟ್ಟಿನಿಂದ ಬರುವ ಗ್ಲಾಕೋಮಾದಲ್ಲಿ ಹೆಚ್ಚಾಗಿ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬರಬೇಕಾಗುತ್ತದೆ, ಆದ್ದರಿಂದ ರಕ್ತಸಂಬಂಧದಲ್ಲಿ ಮದುವೆಯಾದವರಲ್ಲಿ ಅದರ ಸಂಭವ ಹೆಚ್ಚು. ಕೂಸು ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದು, ಸದಾ ನೀರು ಸುರಿಯುವುದು, ಕರಿಗುಡ್ಡೆ ಅಳತೆಮೀರಿ ದೊಡ್ಡದಾಗಿ ಅಥವಾ ಮಬ್ಬಾಗಿ ಕಾಣುವುದು, ಇವುಗಳಲ್ಲಿ ಯಾವುದು ಕಂಡರೂ ಒಂದು ದಿನವೂ ತಡಮಾಡದೆ ಮಕ್ಕಳ ಕಣ್ಣಿನ ವೈದ್ಯರಿಗೆ ತೋರಿಸಬೇಕು. ನಮ್ಮ ಮಗಳಲ್ಲಿ ಅಂಥದ್ದೇನೂ ಕಾಣಲಿಲ್ಲ; ಆದರೂ ನನ್ನ ಕಾಯಿಲೆಯ ಬಗೆಯನ್ನು ಗಮನದಲ್ಲಿಟ್ಟುಕೊಂಡು ಅವಳ ಕಣ್ಣುಗಳನ್ನು ಆಗಾಗ ಪರೀಕ್ಷಿಸುತ್ತಿರಬೇಕು, ಹರೆಯಕ್ಕೆ ಬಂದ ಮೇಲೆ ಇನ್ನಷ್ಟು ಹತ್ತಿರದಿಂದ ನೋಡಬೇಕು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ.