ಶ್ವಾಸಕೋಶವಿಲ್ಲದ ಮರಿ

ಆಗಸ್ಟ್‌ನಲ್ಲಿ ರಜೆ ಹಾಕಿ ಮೂಡಿಗೆರೆಯ ಮನೆಗೆ ಹೋಗಿದ್ದೆ. ಮಳೆ ಹೊಳವು ಕೊಟ್ಟಿತ್ತು, ಕಾಫಿ ಗಿಡಗಳ ಬೇಡದ ಚಿಗುರು ತೆಗೆಯುವ ಕೆಲಸ ಸಾಗಿತ್ತು. "ಇಲಿ ಕೊಯ್ಯುವುದಕ್ಕೆ ಬೆಂಗಳೂರಿಗೆ ಹೋಗಿ ಇಷ್ಟು ಓದಬೇಕಿತ್ತೇನಮ್ಮಾ? ನಮ್ಮ ಗೋದಾಮಿನಲ್ಲೇ ಬೇಕಾದಷ್ಟಿವೆ" ಎಂದು ದೊಡ್ಡಪ್ಪ ಕೆಣಕಿದರು.

ಮಾತಿಗಿಂತ ತೋರಿಸುವುದೇ ವಾಸಿ ಎಂದು ಮೊಬೈಲ್ ತೆಗೆದೆ. ಹನ್ನೆರಡು ದಿನದ ಇಲಿಭ್ರೂಣದ ಶ್ವಾಸಕೋಶ ಒಂದೆರಡು ಮಿಲಿಮೀಟರ್ ಇದ್ದರೆ ಹೆಚ್ಚು. ಪೋಷಕ ದ್ರವದಲ್ಲಿಟ್ಟರೆ ಎರಡು ಮೂರು ದಿನ ತಟ್ಟೆಯಲ್ಲೇ ಬೆಳೆಯುತ್ತದೆ. ವೇಗ ಹೆಚ್ಚಿಸಿದ ವಿಡಿಯೊದಲ್ಲಿ ಶ್ವಾಸಕೋಶದ ಮೊಗ್ಗಿನ, ಅಂದರೆ ಕವಲೊಡೆಯುತ್ತಾ ಬೆಳೆಯುವ ಪುಟ್ಟ ನಳಿಕೆಯ, ದುಂಡು ತುದಿ ಚಪ್ಪಟೆಯಾಯಿತು, ನಡುವೆ ಸೀಳು ಮೂಡಿತು, ಒಂದು ಎರಡಾಯಿತು.

"ಯಾವ ಕಡೆ ಕವಲೊಡೆಯಬೇಕೆಂದು ಇದಕ್ಕೆ ಹೇಳುವವರು ಯಾರು?"

ತೋಟಗಾರರ ಪ್ರಶ್ನೆಯೇ ಸರಿ! ಹೇಳುವುದರಲ್ಲಿ ದೊಡ್ಡ ಪಾಲು ಎಫ್‌ಜಿಎಫ್-10 ಎಂಬ ಜೀನಿನದು. ಮೊಗ್ಗಿನ ಸುತ್ತಲಿನ ಅಂಗಾಂಶದಲ್ಲಿ ಅದರ ಪ್ರೋಟೀನ್ ತಯಾರಾಗುತ್ತದೆ, ಮೊಗ್ಗು ಅತ್ತ ಚಾಚುತ್ತದೆ. ಆ ಪ್ರೋಟೀನಿನಲ್ಲಿ ನೆನೆಸಿದ ಸಣ್ಣ ಮಣಿಯನ್ನು ಪಕ್ಕದಲ್ಲಿಟ್ಟರೂ ಅದರತ್ತಲೇ ತಿರುಗುತ್ತದೆ. ತುದಿಯೇ ಹೊರಬಿಡುವ ಸಾನಿಕ್ ಹೆಡ್ಜ್‌ಹಾಗ್ ಎಂಬ ಇನ್ನೊಂದು ಪ್ರೋಟೀನ್ (ವಿಡಿಯೊ ಗೇಮಿನಿಂದ ಬಂದ ಹೆಸರು) ಹತ್ತಿರದಲ್ಲಿ ಈ ಜೀನಿನ ಚಟುವಟಿಕೆಯನ್ನು ತಗ್ಗಿಸುತ್ತದೆ.

1998 ಮತ್ತು 1999ರಲ್ಲಿ ಎರಡು ತಂಡಗಳು ಈ ಜೀನನ್ನೇ ತೆಗೆದ ಇಲಿಗಳ ಬಗ್ಗೆ ವರದಿ ಮಾಡಿದವು. ಶ್ವಾಸನಾಳ ಮೂಡಿತ್ತು, ಅದರ ಕೆಳಗೆ ಶ್ವಾಸಕೋಶವೇ ಇರಲಿಲ್ಲ. ಕೈಕಾಲುಗಳೂ ಬೆಳೆದಿರಲಿಲ್ಲ. ಹುಟ್ಟಿದ ಕೂಡಲೇ ಮರಿಗಳು ಸತ್ತವು.

ರೊಟ್ಟಿ ತಟ್ಟುತ್ತಿದ್ದ ದೊಡ್ಡಮ್ಮ ಒಳಗಿನಿಂದಲೇ ಕೇಳಿದರು: "ಶ್ವಾಸಕೋಶವೇ ಇಲ್ಲದ್ದು ಹೊಟ್ಟೆಯಲ್ಲಿ ಅಷ್ಟು ದಿನ ಹೇಗೆ ಬದುಕಿತು?"

ಎಂ.ಎಸ್ಸಿ. ಮುಗಿಸಿದವರೂ ಎಷ್ಟೋ ಸಲ ಇದನ್ನು ಕೇಳುವುದಿಲ್ಲ. ಮಾಸಿನ ಮೂಲಕ ತಾಯಿಯ ರಕ್ತದಿಂದಲೇ ಆಮ್ಲಜನಕ ಬರುವಾಗ ಗರ್ಭದಲ್ಲಿ ಶ್ವಾಸಕೋಶಕ್ಕೆ ಉಸಿರಾಟದ ಕೆಲಸವಿಲ್ಲ. ಹಾಗಾಗಿಯೇ ಇಷ್ಟು ದೊಡ್ಡ ಕೊರತೆ ಇಪ್ಪತ್ತು ದಿನಗಳ ಬಸಿರಿನುದ್ದಕ್ಕೂ ಅಡ್ಡಿಯಾಗದೆ ಹೆರಿಗೆಯ ಹೊತ್ತಿಗೆ ಒಮ್ಮೆಲೇ ಎದುರಾಗುತ್ತದೆ.

"ಮನುಷ್ಯರಲ್ಲೂ ಹೀಗಾಗುತ್ತದೆಯೇ?" ಎಂದರು ದೊಡ್ಡಪ್ಪ.

ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುವ ಜನರಿದ್ದಾರೆ. ಅವರಿಗೆ ಶ್ವಾಸಕೋಶ ಬೆಳೆಯುತ್ತದೆ. ಆದರೆ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳು ಸರಿಯಾಗಿ ಬೆಳೆಯುವುದಿಲ್ಲ. ಬಾಯಿ ಒಣಗಿ ಹಲ್ಲು ಬೇಗ ಹುಳುಕಾಗುತ್ತದೆ. ಒಂದೇ ಪ್ರತಿಯಿರುವ ಇಲಿಗಳಲ್ಲೂ ಈ ಗ್ರಂಥಿಗಳ ತೊಂದರೆ ಕಂಡಿದೆ.

"ಅತ್ತರೂ ಕಣ್ಣೀರು ಬಾರದೇ?" ದೊಡ್ಡಮ್ಮ ಹೊರಗೇ ಬಂದುಬಿಟ್ಟರು.

"ಬರುವುದು ಕಷ್ಟ ದೊಡ್ಡಮ್ಮಾ. ಕಣ್ಣು ಒಣಗದಂತೆ ಹನಿ ಔಷಧ ಹಾಕಿಕೊಳ್ಳುತ್ತಿರಬೇಕು" ಎಂದೆ.