ಕೀ ಕೈಯಲ್ಲಿತ್ತು, ಇಂಜಿನ್ ಓಡುತ್ತಲೇ ಇತ್ತು

ಆ ಸಿಳ್ಳೆ ನನಗೆ ಬಹಳ ಇಷ್ಟವಾಗಿತ್ತು. ಎರಡನೇ ಗೇರಿನಲ್ಲಿ ಸ್ವಲ್ಪ ಜೋರಾಗಿ ಒತ್ತಿದರೆ ಬಾನೆಟ್ ಒಳಗಿಂದ 'ಸುಂಯ್' ಅಂತ ಸಣ್ಣಗೆ ಏಳುತ್ತಿತ್ತು. "ಟರ್ಬೋ ಸೌಂಡು ಸಾರ್, ಪಿಕಪ್ ನೋಡಿ" ಎಂದಿದ್ದ ಗಾಡಿ ತೋರಿಸಿದವನು. ನೋಡಿದೆ, ಬಿದ್ದೇ ಹೋದೆ. 2014ರ ಡೀಸೆಲ್ ಸೆಡಾನ್. ಮೀಟರಿನಲ್ಲಿ 78,000 ಕಿಲೋಮೀಟರ್. ಸೀಟಿಗೆ ಹೊಸ ಕವರ್, ಡ್ಯಾಶ್‌ಬೋರ್ಡಿಗೆ ಪಾಲಿಶ್. 2022ರ ಏಪ್ರಿಲ್‌ನಲ್ಲಿ 3,20,000 ರೂಪಾಯಿ ಎಣಿಸಿ ಮನೆಗೆ ತಂದೆ.

ಸರ್ವಿಸ್ ಬಿಲ್ ಕೇಳಿದ್ದೆ. "ಮನೆ ಶಿಫ್ಟ್ ಮಾಡುವಾಗ ಎಲ್ಲೋ ಹೋಯ್ತು ಸಾರ್" ಎಂದ. ನಂಬಿದೆ. ಟೊಮೇಟೊ ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ ನೋಡುವ ಮನುಷ್ಯ ನಾನು.

ಮೊದಲ ಎರಡು ತಿಂಗಳಲ್ಲೇ ಗೊತ್ತಾಯಿತು, ಗಾಡಿ ಆಯಿಲ್ ತಿನ್ನುತ್ತಿದೆ. ಆಯಿಲ್ ಅಳೆಯುವ ಸ್ಟಿಕ್ ಎಳೆದು ನೋಡಿದರೆ ಕೆಳಗಿನ ಗೆರೆಯ ಹತ್ತಿರ. ಅರ್ಧ ಲೀಟರ್ ಹಾಕುವುದು, ಮುಂದಿನ ತಿಂಗಳು ಮತ್ತೆ ಅರ್ಧ ಲೀಟರ್. ಹಳೇ ಗಾಡಿ ಅಂದಮೇಲೆ ಇಷ್ಟೆಲ್ಲ ಇದ್ದದ್ದೇ ಅಂದುಕೊಂಡೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹಿಂದಿನಿಂದ ನೀಲಿ ಹೊಗೆ ಬರುತ್ತಿತ್ತು. ಕಪ್ಪು ಹೊಗೆ ಬೇರೆ, ಅದು ಡೀಸೆಲ್ ಸರಿಯಾಗಿ ಉರಿಯದೆ ಬರುವಂಥದ್ದು. ನೀಲಿ ಅಂದರೆ ಆಯಿಲ್ಲೇ ಉರಿಯುತ್ತಿದೆ ಅಂತ. ಇದು ನನಗೆ ಆಮೇಲೆ ತಿಳಿದ ವಿದ್ಯೆ. ಅಮ್ಮ ಮಾತ್ರ ರಂಗೋಲಿ ಬಿಡುತ್ತಾ, "ಏನೋ ಇದು, ಸೊಳ್ಳೆಗೆ ಹೊಗೆ ಹಾಕೋ ಗಾಡಿ ಥರ ಇದೆಯಲ್ಲೋ" ಅಂತ ಒಂದು ದಿನ ಹೇಳಿದ್ದಳು. ನಕ್ಕು ಸುಮ್ಮನಾದೆ. ಸಿಳ್ಳೆಯೂ ಅಷ್ಟೆ, ತಿಂಗಳಿಂದ ತಿಂಗಳಿಗೆ ಜಾಸ್ತಿಯಾಗುತ್ತಿತ್ತು. ನನಗೆ ಅದು ಪಿಕಪ್ ಜಾಸ್ತಿಯಾದಂತೆ ಕೇಳುತ್ತಿತ್ತು!

ಅಕ್ಟೋಬರ್‌ನ ಒಂದು ಭಾನುವಾರ ಧರ್ಮಸ್ಥಳದಿಂದ ವಾಪಸು ಬರುತ್ತಿದ್ದೆವು. ಅಮ್ಮ, ಹೆಂಡತಿ, ಮಗಳು, ನಾನು, ಡಿಕ್ಕಿ ತುಂಬ ಲಗೇಜು. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತತೊಡಗಿದೆವು. ಮಳೆ ನಿಂತು ರಸ್ತೆ ಒದ್ದೆ, ತಿರುವಿನಲ್ಲಿ ಮಂಜು. ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿನ್ನುವುದು ಅಂತ ಮಾತಾಗಿತ್ತು. ಮುಂದೆ ಒಂದು ತರಕಾರಿ ಪಿಕಪ್ ತೆವಳುತ್ತಿತ್ತು. ಎರಡನೇ ಗೇರಿಗೆ ಇಳಿಸಿ, ಜೋರಾಗಿ ಒತ್ತಿ ಅದನ್ನು ದಾಟಿದೆ.

ಸಿಳ್ಳೆ ಕಿರುಚಾಟವಾಯಿತು. ಆಮೇಲೆ ಒಳಗೆಲ್ಲೋ 'ಟಣ್' ಅಂತು, ಗಾಡಿ ಒಂದು ಕ್ಷಣ ಸುಸ್ತಾದಂತೆ ಎಳೆಯಿತು. ಕಾಲು ತೆಗೆದೆ. ತೆಗೆದ ಮೇಲೆ ಇಂಜಿನ್ ತಾನೇ ರೇಸ್ ಆಗತೊಡಗಿತು. ಕ್ಲಚ್ ತುಳಿದರೆ ಇಂಜಿನ್ ವೇಗ ತೋರಿಸುವ ಮುಳ್ಳು ಹೋಗಿ ಕೆಂಪಿನಲ್ಲಿ ನಿಂತಿತು. ಗಾಡಿಯನ್ನು ಹೇಗೋ ಪಕ್ಕಕ್ಕೆ ತಂದು ಹ್ಯಾಂಡ್‌ಬ್ರೇಕ್ ಎಳೆದು ಕೀ ತಿರುಗಿಸಿದೆ. ನಿಲ್ಲಲಿಲ್ಲ. ಕೀ ಹೊರಗೇ ಎಳೆದೆ. ಆಗಲೂ ನಿಲ್ಲಲಿಲ್ಲ. ಕೀ ನನ್ನ ಕೈಯಲ್ಲಿ, ಇಂಜಿನ್ ಎದುರಿಗೆ ಬೊಬ್ಬೆ ಹೊಡೆಯುತ್ತಿದೆ. ಹಿಂದೆ ನೋಡಿದರೆ ರಸ್ತೆಯೇ ಇಲ್ಲ, ಬರೀ ಹೊಗೆ.

"ರೀ, ಇಳೀರಿ ಮೊದಲು!" ಅಂತ ಹೆಂಡತಿ ಮಗಳನ್ನು ಎತ್ತಿಕೊಂಡು ಓಡಿದಳು. ಅಮ್ಮ ಮಂಜುನಾಥ ಸ್ವಾಮಿಯನ್ನು ಕರೆಯುತ್ತಾ ಪ್ರಸಾದದ ಚೀಲ ಹಿಡಿದು ಇಳಿದಳು. ನಾನು ಬಾನೆಟ್ ಎತ್ತಿ ನಿಂತೆ. ಏನು ಮಾಡಬೇಕು ಅಂತ ಗೊತ್ತಿದ್ದರೆ ತಾನೇ.

ಹಿಂದೆ ಬರುತ್ತಿದ್ದ ಸಾರಿಗೆ ಬಸ್ಸು ನಿಂತಿತು. ಖಾಕಿ ಅಂಗಿಯ ಡ್ರೈವರ್ ಇಳಿದು ಓಡಿಬಂದರು. ಮಾತು ಕೇಳಿದರೆ ವಿಜಯಪುರದ ಕಡೆಯವರು. "ಕೀ ತಗದ್ರ ನಿಂದ್ರಂಗಿಲ್ರೀ ಅದು! ಒಳಗ ಕುಂಡ್ರಿ. ಐದನೇ ಗೇರ್ ಹಾಕ್ರಿ, ಬ್ರೇಕ್ ಮ್ಯಾಲ ನಿಂದ್ರಿ, ಕ್ಲಚ್ ಬಿಡ್ರಿ!" ಕೂತೆ. ಐದನೇ ಗೇರ್ ಹಾಕಿ, ಎರಡೂ ಕಾಲು ನಡುಗುತ್ತಿರುವಾಗ ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ಕುಲುಕಿತು, ಮೈಯೆಲ್ಲ ಅದುರಿತು, ಆಫ್ ಆಯಿತು. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಸುಟ್ಟ ಕ್ಲಚ್‌ನ ವಾಸನೆ, ಆಯಿಲ್ ವಾಸನೆ, ಜೊತೆಗೆ ಕಾಡಿನ ಹಸಿ ವಾಸನೆ. ಡ್ರೈವರ್ ಸ್ಟಿಕ್ ಎಳೆದು ನನಗೆ ತೋರಿಸಿದರು. ತುದಿಯಲ್ಲಿ ಒಂದು ಹನಿಯೂ ಇಲ್ಲ.

"ತನ್ನ ಆಯಿಲ್ ತಾನ ಕುಡದೈತ್ರೀ" ಎಂದರು. ಅಮ್ಮ, ಹೆಂಡತಿ, ಮಗಳನ್ನು ಕೊಟ್ಟಿಗೆಹಾರದವರೆಗೆ ಬಸ್ಸಿನಲ್ಲಿ ಹತ್ತಿಸಿಕೊಂಡರು. ಹೆಸರು ಕೇಳುವುದೇ ನನಗೆ ಮರೆತುಹೋಯಿತು.

ಹಾಸನದಲ್ಲಿ ನನ್ನ ಭಾವನ ಪರಿಚಯದ ಗ್ಯಾರೇಜಿಗೆ ಗಾಡಿಯನ್ನು ಟೋ ಮಾಡಿಸಿದೆ. ಮಾರನೇ ದಿನ ಮೆಕ್ಯಾನಿಕ್ ಟರ್ಬೋ ಬಿಚ್ಚಿ ಕೈಗೆ ಕೊಟ್ಟ. ದೊಡ್ಡ ಬಸವನಹುಳುವಿನ ಚಿಪ್ಪಿನಂಥ ಎರಡು ಎರಕದ ಗೂಡು, ನಡುವೆ ಬೆರಳಿಗಿಂತ ಸಣ್ಣ ಕಡ್ಡಿ, ಕಡ್ಡಿಯ ಎರಡು ತುದಿಗೆ ಪುಟ್ಟ ಫ್ಯಾನು. ಇಂಜಿನ್‌ನಿಂದ ಹೊರಹೋಗುವ ಬಿಸಿ ಹೊಗೆ ಒಂದು ಫ್ಯಾನನ್ನು ತಿರುಗಿಸುತ್ತದೆ. ಇನ್ನೊಂದು ಗಾಳಿಯನ್ನು ಒತ್ತಿ ಇಂಜಿನ್ ಒಳಗೆ ತುಂಬುತ್ತದೆ. ಜೋರಾಗಿ ಓಡುವಾಗ ಅದು ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುವುದೂ ಉಂಟು. ಅಷ್ಟು ವೇಗದಲ್ಲಿ ಆ ಕಡ್ಡಿ ತೇಲುವುದು ಬರೀ ಆಯಿಲ್‌ನ ತೆಳು ಪದರದ ಮೇಲೆ. ಆಯಿಲ್ ಬರದಿದ್ದರೆ ಮುಗಿಯಿತು.

"ಅಲ್ಲಾಡಿಸಿ ನೋಡಿ ಸಾರ್" ಎಂದ. ಕಡ್ಡಿ ನನ್ನ ಬೆರಳಲ್ಲಿ ಅಲುಗುವ ಹಲ್ಲಿನ ಹಾಗೆ ಆಡಿತು. ಫ್ಯಾನಿನ ರೆಕ್ಕೆ ಗೂಡಿಗೆ ಉಜ್ಜಿ ಉಜ್ಜಿ ಸವೆದಿತ್ತು. ನನ್ನ ಇಷ್ಟದ ಸಿಳ್ಳೆ ಅದೇ! ಟರ್ಬೋಗೆ ಆಯಿಲ್ ತರುವ ಸಣ್ಣ ಪೈಪನ್ನು ಬಿಚ್ಚಿದಾಗ ಅದರ ಬಾಯಲ್ಲಿ ಪಾಕ ಹೊತ್ತಿದ ಪಾತ್ರೆಯ ತಳದಂಥ ಕಪ್ಪು. ತೂತು ಸಾಸಿವೆ ಕಾಳು ನುಗ್ಗುವಷ್ಟೂ ಉಳಿದಿರಲಿಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸದೇ ಓಡಿಸಿದ ಗಾಡಿ ಇದು ಅಂದ. ಬೇರಿಂಗ್ ಹೋಗಿ ಸೀಲ್ ಒಡೆದದ್ದೇ ತಡ, ಆಯಿಲ್ ನೇರವಾಗಿ ಗಾಳಿಯ ದಾರಿಗೆ ನುಗ್ಗಿದೆ. ಡೀಸೆಲ್ ಇಂಜಿನ್‌ಗೆ ಕಿಡಿ ಬೇಡ, ಒತ್ತಡದ ಬಿಸಿಗೇ ಏನು ಸಿಕ್ಕರೂ ಉರಿಸುತ್ತದೆ. ಕೀ ನಿಲ್ಲಿಸುವುದು ಡೀಸೆಲ್ಲನ್ನು ಮಾತ್ರ. ಆಯಿಲ್ಲನ್ನು ಯಾರು ನಿಲ್ಲಿಸಬೇಕು? ಟರ್ಬೋ ಒತ್ತಿದ ಗಾಳಿಯನ್ನು ತಣಿಸಲು ಮುಂದಿದ್ದ ಇಂಟರ್‌ಕೂಲರ್ ಬಗ್ಗಿಸಿದಾಗ ಸುರಿದ ಆಯಿಲ್‌ಗೆ ಒಂದು ಲೀಟರಿನ ನೀರಿನ ಬಾಟಲಿ ಮುಕ್ಕಾಲು ತುಂಬಿತು.

"ಇಂಜಿನ್ ಕೆಳಗಡೆನೂ ಒಂದ್ಸಲ ಬಿಚ್ಚಿ ನೋಡಿಬಿಡೋಣ" ಎಂದ. ಇಲ್ಲಿ ನಾನು ಎರಡನೇ ತಪ್ಪು ಮಾಡಿದೆ. ದುಡ್ಡು ಉಳಿಸುವ ಆಸೆ. ಬರೀ ಟರ್ಬೋ ಹಾಕು ಎಂದೆ. ಹೊಸ ಟರ್ಬೋ, ಹೊಸ ಪೈಪು, ಆಯಿಲ್, ಫಿಲ್ಟರ್, ಇಂಟರ್‌ಕೂಲರ್ ತೊಳೆದದ್ದು, ಕ್ಲಚ್ ಪ್ಲೇಟ್ ಎಲ್ಲ ಸೇರಿ 52,000. ಸ್ಟಾರ್ಟ್ ಮಾಡಿದಾಗ ಹೊಗೆ ಇಲ್ಲ. ಖುಷಿಯಾಯಿತು. ಐದು ನಿಮಿಷ ಬಿಸಿಯಾದ ಮೇಲೆ ಕೆಳಗಿಂದ 'ಟಕ್ ಟಕ್ ಟಕ್' ಶುರುವಾಯಿತು. ಮೆಕ್ಯಾನಿಕ್ ನನ್ನ ಮುಖ ನೋಡಲಿಲ್ಲ, ಕೀ ತಿರುಗಿಸಿ ಆಫ್ ಮಾಡಿದ.

ಆಯಿಲ್ ಇಲ್ಲದೆ ಕಿರುಚಿದ ಆ ಕೊನೆಯ ಹೊತ್ತಲ್ಲಿ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಹೊಡೆದಿತ್ತು, ಅದು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಮೇಲೆ ಉಗುರಿಗೆ ಸಿಗುವಂಥ ಗೀರು. ಗುಜರಿಯಿಂದ ಹಾಫ್ ಇಂಜಿನ್, ಅಂದರೆ ಇಂಜಿನ್‌ನ ಕೆಳಭಾಗ, ತಂದು ಹಾಕೋಣ, ಸಸ್ತಾ ಆಗುತ್ತೆ ಎಂದ ಭಾವ. ಅದು ಯಾರ ಗಾಡಿಯದ್ದೋ, ಇಂಜಿನ್ ನಂಬರ್ ಆರ್‌ಸಿಯಲ್ಲಿ ಬದಲಾಯಿಸಲು ಆರ್‌ಟಿಓ ಅಲೆದಾಟ ಬೇರೆ. ಬೇಡ ಎಂದೆ. ಗೀರು ಹೋಗುವಷ್ಟು ತಿಕ್ಕಿಸಲು ಕ್ರ್ಯಾಂಕ್ ಲೇತಿಗೆ ಹೋಯಿತು, ಸಣ್ಣದಾದ ಅದಕ್ಕೆ ಹೊಂದುವ 0.25 ಎಂಎಂ ಅಂಡರ್‌ಸೈಜ್ ಬೇರಿಂಗ್ ಬಂತು, ಹೊಸ ಪಿಸ್ಟನ್ ರಿಂಗ್, ಗ್ಯಾಸ್ಕೆಟ್ ಸೆಟ್. ಮತ್ತೆ 68,000. ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದರೆ ಇದು ಆಕ್ಸಿಡೆಂಟ್ ಅಲ್ಲ, ಬ್ರೇಕ್‌ಡೌನ್, ಪಾಲಿಸಿಯಲ್ಲಿ ಬರಲ್ಲ ಎಂದರು. ಅವರು ಹೇಳಿದ್ದು ಸರಿಯೇ.

ಗಾಡಿ ಗ್ಯಾರೇಜಿನಲ್ಲಿದ್ದ ಆ ಐದು ವಾರದಲ್ಲಿ ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ ನಂಬರ್ ಕೊಟ್ಟು ಹಳೇ ದಾಖಲೆ ಕೇಳಿದೆ. ಹತ್ತು ನಿಮಿಷದ ಕೆಲಸ. 2019ರಲ್ಲಿ ಕೊನೆಯ ಸರ್ವಿಸ್ ಆದಾಗಲೇ 1,12,000 ಓಡಿತ್ತು. ನನಗೆ ಮಾರುವಾಗ 78,000! ಮಾರಿದವನಿಗೆ ಫೋನ್ ಮಾಡಿದೆ. "ನಾನು ತಗೊಂಡಾಗಲೂ ಮೀಟರ್ ಕಡಿಮೆನೇ ಇತ್ತು ಸಾರ್" ಎಂದ. ಇರಬಹುದು, ಸುಳ್ಳೂ ಇರಬಹುದು. ಜಗಳ ಆಡಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಗಾಡಿ ಈಗಲೂ ಇದೆ. ಘಾಟಿ ಹತ್ತಿ ಬಂದು ನಿಲ್ಲಿಸಿದ ತಕ್ಷಣ ಆಫ್ ಮಾಡಬೇಡಿ, ಒಂದು ನಿಮಿಷ ಹಾಗೇ ಬಿಡಿ, ಟರ್ಬೋ ತಣ್ಣಗಾಗಲಿ ಅಂತ ಮೆಕ್ಯಾನಿಕ್ ಹೇಳಿದ್ದ. ಅಮ್ಮ ಅದನ್ನು ತರಕಾರಿ ಅಂಗಡಿಗೆ ಹೋಗಿ ಬಂದರೂ ಪಾಲಿಸುತ್ತಾಳೆ. "ಕುಕ್ಕರ್ ಪ್ರೆಷರ್ ಇಳೀದೆ ಮುಚ್ಚಳ ತೆಗೀತೀಯೇನೋ, ಕೂತ್ಕೋ" ಅನ್ನುತ್ತಾಳೆ. ಕೂರುತ್ತೇನೆ. ಹೆಂಡತಿ ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ 52,000ದ ಕೆಳಗೆ 68,000 ಬರೆದು, ಗೆರೆ ಎಳೆದು, 1,20,000 ಎಂದು ದಪ್ಪಗೆ ಕೂಡಿಸಿಟ್ಟಿದ್ದಾಳೆ. ಪುಸ್ತಕ ತುಂಬಿ ಎರಡು ವರ್ಷವಾಯಿತು. ರದ್ದಿಗೆ ಹಾಕಲು ಮಾತ್ರ ಬಿಡುತ್ತಿಲ್ಲ.