ಲ್ಯಾಪ್‌ಟಾಪ್ ಇಟ್ಟುಕೊಂಡು ರಾಕ್ ನುಡಿಸೋ ಬ್ಯಾಂಡ್‌ಗಳು ಯಾಕೆ ಬಾಳಿಕೆ ಬರಲ್ಲ?

ಮೈಸೂರಿನಲ್ಲಿ ಸೌಂಡ್ ಕೆಲಸ ಮಾಡುವ ನಮ್ಮನ್ನು ಕಾಲೇಜು ಹುಡುಗರೂ ಕಾರ್ಯಕ್ರಮ ನಡೆಸುವವರೂ ಕೇಳುವುದು ಇದನ್ನೇ: ಗಿಟಾರು, ಡ್ರಮ್ಸ್ ಜೊತೆಗೆ ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್), ಲ್ಯಾಪ್‌ಟಾಪ್ ಸೇರಿಸಿಕೊಂಡು ಭರ್ಜರಿಯಾಗಿ ಶುರುವಾದ ಬ್ಯಾಂಡು ಒಂದೆರಡು ದಸರಾ ಕಳೆಯುವುದರೊಳಗೆ ಎಲ್ಲಿ ಹೋಯಿತು? ಜನಕ್ಕೆ ಬೇಸರ ಬಂತೇ?

ಜನಕ್ಕೆ ಬೇಸರ ಬಂದಿರುವುದಿಲ್ಲ. ಹಾಡು ಐದು ಜನರ ಕೈಯಲ್ಲಿ ಇರದೆ ಒಬ್ಬನ ಲ್ಯಾಪ್‌ಟಾಪಿನಲ್ಲಿ ಇರುತ್ತದೆ. ಅವನು ಹೋದರೆ ಹಾಡೂ ಹೋಯಿತು.

ನಮ್ಮ ಕಡೆ ಬ್ಯಾಂಡ್ ಹುಟ್ಟುವುದೇ ಇಂಜಿನಿಯರಿಂಗ್ ಕಾಲೇಜುಗಳಲ್ಲಿ. ಮೈಸೂರಿನ ಎನ್‌ಐಇ ಇರಲಿ, ಎಸ್‌ಜೆಸಿಇ ಇರಲಿ, ಮಂಡ್ಯದ ಪಿಇಎಸ್ ಇರಲಿ, ಓದು ನಾಲ್ಕೇ ವರ್ಷ. ಎರಡನೇ ವರ್ಷದಲ್ಲಿ ಕೂಡಿಕೊಂಡವರು ಕೊನೆಯ ವರ್ಷ ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಡುತ್ತಾರೆ. ಗಿಟಾರಿಸ್ಟ್ ಬ್ಯಾಂಡ್ ಬಿಟ್ಟು ಹೋದರೆ ಇನ್ನೊಬ್ಬ ಕೇಳಿ ಕಲಿತು ಆ ಜಾಗ ತುಂಬಬಹುದು. ಲ್ಯಾಪ್‌ಟಾಪಿನವನು ಬಿಟ್ಟರೆ ಹಾಗಾಗುವುದಿಲ್ಲ. ಸದ್ದು ಹುಟ್ಟಿಸುವ ತಂತ್ರಾಂಶಗಳಾದ ಪ್ಲಗಿನ್‌ಗಳ ಲೈಸೆನ್ಸ್ ಅವನ ಹೆಸರಲ್ಲಿದೆ, ರೆಕಾರ್ಡ್ ಮಾಡಿಟ್ಟ ಸದ್ದಿನ ತುಣುಕುಗಳು ಅವನ ಹಾರ್ಡ್‌ಡಿಸ್ಕಿನಲ್ಲಿವೆ. ಬೇರೆ ಯಂತ್ರದಲ್ಲಿ ಪ್ರಾಜೆಕ್ಟ್ ತೆರೆದರೆ ಅರ್ಧ ಟ್ರ್ಯಾಕ್‌ಗಳು (ಹಾಡಿನ ಪದರಗಳು) ಮೂಕವಾಗಿರುತ್ತವೆ.

ಏಳಿಗೆ ಬೇಗ ಬರುವುದಕ್ಕೂ ಇದೇ ಯಂತ್ರ ಕಾರಣ. ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಯಂತ್ರ ಬಂದದ್ದು 1980ರಲ್ಲಿ. 1983ರಲ್ಲಿ ಬಂದ ಮಿಡಿ ಎಂಬ ಸಂಕೇತ ಪದ್ಧತಿಯಿಂದಾಗಿ ಬೇರೆ ಬೇರೆ ಕಂಪನಿಗಳ ಕೀಬೋರ್ಡ್‌ಗಳು ಒಂದೇ ತಂತಿಯ ಮೇಲೆ ಮಾತಾಡತೊಡಗಿದವು. 2001ರಲ್ಲಿ ಏಬಲ್ಟನ್ ಲೈವ್ ಎಂಬ ಸಂಗೀತ ತಂತ್ರಾಂಶ ಬಂದ ಮೇಲೆ ಲ್ಯಾಪ್‌ಟಾಪೇ ವೇದಿಕೆಯ ವಾದ್ಯವಾಯಿತು. ಮೂರು ಜನ ನಿಂತು ಹತ್ತು ಜನರಷ್ಟು ಸದ್ದು ಮಾಡಬಹುದಾದರೆ ಮೊದಲ ಕಾರ್ಯಕ್ರಮದಲ್ಲೇ ಹೆಸರು ಬರುವುದು ಸಹಜ.

ತೊಂದರೆ ಶುರುವಾಗುವುದು ರೂಮಿನಿಂದ ಮೈದಾನಕ್ಕೆ ಬಂದಾಗ. ಸಂಗೀತ ಕಚೇರಿಯಲ್ಲಿ ಗಾಯಕ ಎಡುಪು (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ) ತಪ್ಪಿದರೆ ಮೃದಂಗದವರು ಕಣ್ಣಲ್ಲೇ ಹಿಡಿದು ಸಮಕ್ಕೆ ತಂದು ನಿಲ್ಲಿಸುತ್ತಾರೆ. ಲ್ಯಾಪ್‌ಟಾಪ್ ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಡ್ರಮ್ಮರ್ ಕಿವಿಗೆ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್) ಬೇಕೇ ಬೇಕು, ಅದೂ ಇಯರ್‌ಫೋನಿನಲ್ಲಿ. ದೊಡ್ಡ ಸ್ಪೀಕರಿನಿಂದ ಬರುವ ಲ್ಯಾಪ್‌ಟಾಪಿನ ಟ್ರ್ಯಾಕ್ ಕೇಳಿಕೊಂಡು ನುಡಿಸುತ್ತೇನೆ ಅಂದರೆ ಆಗುವುದಿಲ್ಲ. ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಸ್ಪೀಕರ್ 8 ಮೀಟರ್ ದೂರವಿದ್ದರೆ 23 ಮಿಲಿಸೆಕೆಂಡ್ ತಡ. ಡ್ರಮ್ಮರಿನ ಕಿಕ್ಕೂ (ಕಾಲಿನಿಂದ ನುಡಿಸುವ ದೊಡ್ಡ ಡ್ರಮ್) ಟ್ರ್ಯಾಕಿನ ಕಿಕ್ಕೂ ಒಂದಾಗದೆ "ಧ-ಧಬ್" ಅಂತ ಎರಡಾಗಿ ಬೀಳುತ್ತವೆ. ಜನಕ್ಕೆ ಕಾರಣ ಗೊತ್ತಾಗದಿದ್ದರೂ ಹಾಡು ಜಗ್ಗುತ್ತಿದೆ ಅನ್ನಿಸಿಬಿಡುತ್ತದೆ.

ಎರಡೂ ಕಿಕ್ ಸರಿಯಾಗಿ ಒಟ್ಟಿಗೆ ಬಿದ್ದರೂ ಕೆಲವೊಮ್ಮೆ ಬೇಸ್ (ತಗ್ಗಿನ ಸದ್ದು) ಮಾಯವಾಗುತ್ತದೆ. ಒಂದು ಅಲೆ ಮೇಲೇಳುವಾಗ ಇನ್ನೊಂದು ಕೆಳಗಿಳಿದು ಪರಸ್ಪರ ಕೊಂದುಕೊಳ್ಳುವುದೇ ಕಾರಣ. ಮಿಕ್ಸರಿನಲ್ಲಿ ಕಿಕ್ ಚಾನೆಲ್ಲಿನ, ಅಲೆಯನ್ನು ತಲೆಕೆಳಗು ಮಾಡುವ ಪೋಲಾರಿಟಿ ಗುಂಡಿ ಒಮ್ಮೆ ಒತ್ತಿ ನೋಡಿ. ಯಾವ ಸ್ಥಿತಿಯಲ್ಲಿ ಎದೆಗೆ ಹೆಚ್ಚು ತಾಗುತ್ತದೋ ಅದೇ ಸರಿ.

ಸಿಂಥನ್ನು ಲ್ಯಾಪ್‌ಟಾಪ್ ಮೂಲಕ ನುಡಿಸುವವರು ಬಫರ್ (ಸದ್ದನ್ನು ಹೊರಬಿಡುವ ಮೊದಲು ಯಂತ್ರ ಕೂಡಿಟ್ಟುಕೊಳ್ಳುವ ಪಾಲು) ನೋಡಿಕೊಳ್ಳಬೇಕು. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಳತೆ) ಬಫರ್ 256 ಸ್ಯಾಂಪಲ್ ಅಂದರೆ ಬಫರಿನಿಂದಲೇ ಸುಮಾರು 5 ಮಿಲಿಸೆಕೆಂಡ್ ತಡ, 1024 ಆದರೆ 21. ಕೆಳಗಿಳಿಸಿದಷ್ಟೂ ಬೆರಳಿಗೆ ಹಿತ, ಆದರೆ ತೀರಾ ಇಳಿಸಿದರೆ ಪ್ರೊಸೆಸರ್ ಸೋತು "ಪಟ್ ಪಟ್" ಸದ್ದು ಬರುತ್ತದೆ. 128 ಅಥವಾ 256ರಲ್ಲಿ ನಿಲ್ಲಿಸಿ, ವೈಫೈ ಆಫ್ ಮಾಡಿ, ಕಾರ್ಯಕ್ರಮದ ವಾರ ಯಾವ ಅಪ್‌ಡೇಟನ್ನೂ ಹಾಕಬೇಡಿ.

ಇನ್ನು "ಗೂಂ" ಅನ್ನುವ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ಒಂದು ಬೋರ್ಡಿಗೆ, ಮಿಕ್ಸರ್ ಇನ್ನೊಂದು ಬೋರ್ಡಿಗೆ ಹಾಕಿದಾಗ ಎರಡು ಅರ್ಥ್‌ಗಳ ನಡುವೆ ಆಡಿಯೋ ಕೇಬಲ್ಲೇ ಸೇತುವೆಯಾಗಿ 50 ಹರ್ಟ್ಸ್ ಗುಂಗು ಒಳಗೆ ಬರುತ್ತದೆ. ಚಾರ್ಜರ್ ಕಿತ್ತು ನೋಡಿ. ಬ್ಯಾಟರಿಯಲ್ಲಿ ಓಡುವಾಗ ಗೂಂ ನಿಂತರೆ ಇದೇ ಕಾಯಿಲೆ. ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಡಿಐ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ಹಾಕಿ, ಆಡಿಯೋ ಕೇಬಲ್ಲಿನ ಅರ್ಥ್ ಜೋಡಣೆ ತಪ್ಪಿಸುವ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಹೋಗುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಗೂಂ ನಿಲ್ಲಿಸುವ ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಡಿ. ದಸರಾ ಹೊತ್ತಿನ ಮಳೆಗೆ ಒದ್ದೆಯಾದ ವೇದಿಕೆ, ಬೆರಳು ತಂತಿಯ ಮೇಲೆ, ತುಟಿ ಮೈಕಿನ ಮೇಲೆ: ಪ್ರಾಣಕ್ಕೇ ಕುತ್ತು.

ಕಾಲೇಜು ಫೆಸ್ಟುಗಳಲ್ಲಿ ಬ್ಯಾಂಡ್‌ನಿಂದ ಬ್ಯಾಂಡ್‌ಗೆ ಹತ್ತು ನಿಮಿಷ ಬಿಡುವು ಸಿಕ್ಕರೆ ಪುಣ್ಯ. ಇಷ್ಟೆಲ್ಲ ತಂತಿ ಅಷ್ಟರೊಳಗೆ ಕೂಡುವುದಿಲ್ಲ. ಎರಡು ಸಲ ಹೀಗೆ ಕೆಟ್ಟರೆ ಮೂರನೇ ಸಲ ಕರೆಯುವವರಿಲ್ಲ. ಇಂಟರ್‌ಫೇಸು (ಲ್ಯಾಪ್‌ಟಾಪಿನ ಸದ್ದನ್ನು ಹೊರತರುವ ಸಾಧನ), ಡಿಐ, ಕೇಬಲ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಮೊದಲೇ ಜೋಡಿಸಿ, ಹೊರಗೆ ಬರುವ ಮೂರು ತಂತಿಗಳಿಗೆ ಟ್ರ್ಯಾಕ್ ಎಡ, ಟ್ರ್ಯಾಕ್ ಬಲ, ಕ್ಲಿಕ್ ಎಂದು ಚೀಟಿ ಅಂಟಿಸಿ. ಚೀಟಿ ಇಲ್ಲದಿದ್ದರೆ ಸೌಂಡಿನವರು ಕ್ಲಿಕ್ಕನ್ನೂ ಸ್ಪೀಕರಿಗೆ ಕೊಟ್ಟು ಇಡೀ ಮೈದಾನಕ್ಕೆ "ಟಿಕ್ ಟಿಕ್" ಕೇಳಿಸುತ್ತದೆ.

ಬಾಳಿದ ಬ್ಯಾಂಡ್ ಯಾವುದೂ ಇಲ್ಲವೇ ಅಂದರೆ, ಮುಂಬೈಯ ಪೆಂಟಗ್ರಾಮ್ ಇದೆ. 1994ರಲ್ಲಿ ಶುರುವಾಗಿ, ಗಿಟಾರ್ ರಾಕಿನಿಂದ ಎಲೆಕ್ಟ್ರಾನಿಕ್ ಕಡೆಗೆ ಹೊರಳಿ, 2005ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ ನುಡಿಸಿ, 2011ರಲ್ಲೂ ಆಲ್ಬಮ್ ತಂದರು. ಅವರಲ್ಲಿ ಬೇಸು, ಗಿಟಾರು ಮನುಷ್ಯರ ಕೈಯಲ್ಲೇ ಉಳಿದವು. ಆಮೇಲೆ ವೇಗ ತಗ್ಗಿತು. ಹಾಡುಗಾರ ವಿಶಾಲ್ ದದ್ಲಾನಿಗೆ ಸಿನಿಮಾ ಸಂಗೀತ ಇತ್ತು, ಗಿಟಾರಿಸ್ಟ್ ರ‍್ಯಾಂಡಾಲ್ಫ್ ಕೊರೆಯಾಗೆ ಇನ್ನೊಂದು ಎಲೆಕ್ಟ್ರಾನಿಕ್ ಜೋಡಿ ಇತ್ತು. ಅಷ್ಟು ವರ್ಷ ನುಡಿಸಿದ ಮೇಲೆ ತಗ್ಗುವುದು ಬೇರೆ, ಒಂದು ಲ್ಯಾಪ್‌ಟಾಪ್ ಊರು ಬಿಟ್ಟಿತೆಂದು ನಿಲ್ಲುವುದು ಬೇರೆ.

ಈಗಿರುವ ಬ್ಯಾಂಡ್‌ಗಳು ಮಾಡಬೇಕಾದದ್ದು ಇಷ್ಟು. ಮೊದಲು ಲ್ಯಾಪ್‌ಟಾಪ್ ಮುಚ್ಚಿ ಹಾಡು ನುಡಿಸಿ. ಎಲ್ಲಿ ಕುಸಿಯುತ್ತದೋ ಆ ಪದರವನ್ನು ಯಾರಾದರೂ ಕೈಯಿಂದ ನುಡಿಸುವಂತೆ ಹಂಚಿಕೊಳ್ಳಿ. ಯಂತ್ರಕ್ಕೆ ಉಳಿದದ್ದನ್ನು ಪದರಕ್ಕೊಂದರಂತೆ ವೇವ್ ಫೈಲ್ ಮಾಡಿ, 24 ಬಿಟ್, 48 ಕಿಲೋಹರ್ಟ್ಸ್. ಎಲ್ಲ ಫೈಲ್‌ಗಳೂ ಒಂದೇ ಬಿಂದುವಿನಿಂದ ಶುರುವಾಗಬೇಕು, ಇಲ್ಲದಿದ್ದರೆ ಆಮೇಲೆ ಜೋಡಿಸಲು ಆಗುವುದಿಲ್ಲ. ಹೆಸರಿನಲ್ಲೇ ಹಾಡು, ಬಿಪಿಎಂ (ನಿಮಿಷಕ್ಕೆ ಎಷ್ಟು ಬಡಿತ), ಶ್ರುತಿ ಬರೆಯಿರಿ. ಐದು ನಿಮಿಷದ ಹಾಡಿಗೆ ಎಂಟು ಸ್ಟೀರಿಯೋ ಪದರ ಅಂದರೆ ಸುಮಾರು 700 ಎಂಬಿ. ಹತ್ತು ಹಾಡು 16 ಜಿಬಿ ಪೆನ್‌ಡ್ರೈವಿನಲ್ಲಿ ಹಿಡಿಸುತ್ತವೆ. ಬ್ಯಾಂಡಿನ ಪ್ರತಿಯೊಬ್ಬರ ಬಳಿಯೂ ಒಂದೊಂದು ಪ್ರತಿ ಇರಲಿ. ಎಡಕ್ಕೆ ಟ್ರ್ಯಾಕ್, ಬಲಕ್ಕೆ ಕ್ಲಿಕ್ ಇರುವ ಒಂದು ಮಿಕ್ಸನ್ನು ಫೋನಿನಲ್ಲೂ ಇಡಿ. ಲ್ಯಾಪ್‌ಟಾಪ್ ಕೈಕೊಟ್ಟರೆ ಅದರಲ್ಲೇ ಕಾರ್ಯಕ್ರಮ ಮುಗಿಸಬಹುದು. ಈ ಕೆಲಸ ಏಳನೇ ಸೆಮಿಸ್ಟರಿನ ಪ್ಲೇಸ್‌ಮೆಂಟ್ ಶುರುವಾಗುವ ಮೊದಲು ಆಗಬೇಕು, ಮತ್ತು ಒಂದು ಪೂರ್ತಿ ರಿಹರ್ಸಲಿನಲ್ಲಿ ಪ್ಲೇ ಬಟನ್ನನ್ನು ಲ್ಯಾಪ್‌ಟಾಪಿನ ಒಡೆಯ ಬಿಟ್ಟು ಬೇರೆಯವರೇ ಒತ್ತಬೇಕು.